ಕಪಿಲೆ ಬಾವಿಗೆ ಬಂದ ಕರೆಂಟು

ನಮ್ಮ ಊರು ಕೋಲಾರ ಸೀಮೆಯದು. ತುಂಬಿ ಹರಿಯುವ ನದಿಯೊಂದೂ ಇಲ್ಲದ ಸೀಮೆ. ಕೆರೆ ತುಂಬಿದ ವರ್ಷ ಗದ್ದೆ, ತುಂಬದ ವರ್ಷ ಬಾವಿ ಎಂಬುದು ಅಲ್ಲಿಯ ಬದುಕಿನ ಕ್ರಮ. ನನ್ನ ಬಾಲ್ಯದಲ್ಲಿ ನಮ್ಮ ಬಾವಿಗೆ ನಾಲ್ಕು ಮನೆಗಳ ಪಾಲಿತ್ತು. ಇನ್ನೂ ಕತ್ತಲಿರುವಾಗಲೇ ಎತ್ತು ಹೂಡಿ ಕಪಿಲೆ ಹೊಡೆಯುತ್ತಿದ್ದರು. ತೊಗಲಿನ ಚೀಲ ನೀರಿಗೆ ಇಳಿಯುವಾಗ ಎತ್ತುಗಳು ಹಿಂದು ಹಿಂದಕ್ಕೆ ಹೆಜ್ಜೆಯಿಟ್ಟು ದಿಬ್ಬವನ್ನು ಏರಬೇಕು. ತುಂಬಿದ ಚೀಲ ಮೇಲೆ ಬರುವಾಗ ಇಳಿಜಾರಿನಲ್ಲಿ ಮುಂದಕ್ಕೆ ನಡೆಯಬೇಕು. ಆಗ ಹೊಡೆಯುವವನು ಮಿಣಿಯ ಮೇಲೆ ಕುಳಿತು ತನ್ನ ಮೈಭಾರವನ್ನೂ ಎತ್ತುಗಳ ಬಲಕ್ಕೆ ಕೂಡಿಸುತ್ತಿದ್ದ. ನಮ್ಮ ತಾತ ಬಾವಿಕಟ್ಟೆಯ ಮೇಲೆ ಕುಳಿತು ಇಪ್ಪತ್ತು ಕಪಿಲೆಗೊಂದರಂತೆ ಹುಣಸೆಬೀಜ ಇಡುತ್ತಿದ್ದರು. ಬೀಜಗಳ ಸಾಲು ಒಂದು ಲೆಕ್ಕಕ್ಕೆ ಬಂದೊಡನೆ ನೀರಿನ ಕಾಲುವೆ ಪಕ್ಕದ ಪಾಲುಗಾರನ ಮಡಿಗೆ ತಿರುಗುತ್ತಿತ್ತು. ಒಂದು ಬೀಜ ಹೆಚ್ಚು ಕಡಿಮೆಯಾದರೆ ಜಗಳ. ಆ ಜಗಳದಲ್ಲಿ ನೀರಿನ ಬೆಲೆ ಇತ್ತು.

ಇಂದಿನ ನನ್ನ ಮಾತಿನ ವಿಷಯ ಹುಣಸೆಬೀಜವಲ್ಲ. ಹೊಲದಲ್ಲಿ ದುಡಿಯುವ ಶಕ್ತಿಯನ್ನು, ಅಂದರೆ ಎತ್ತಿನ ಬಲವನ್ನೂ ಮನುಷ್ಯನ ತೋಳ್ಬಲವನ್ನೂ, ಯಂತ್ರಕ್ಕೆ ಬದಲಿಸುವ ಕಾರ್ಯದಲ್ಲಿ ಸರ್ಕಾರ ರೈತನಿಗೆ ಹೇಗೆ ಕೈಹಿಡಿಯಿತು, ಆ ಕೈಹಿಡಿತದಿಂದ ಏನು ಕೂಡಿತು, ಏನು ಕಳೆಯಿತು ಎಂಬುದು. ಆದರೂ ಆ ಬೀಜಗಳನ್ನು ನೆನಪಿನಲ್ಲಿಟ್ಟುಕೊಳ್ಳಿರೆಂದು ಕೇಳಿಕೊಳ್ಳುತ್ತೇನೆ. ಈ ಇತಿಹಾಸವೆಲ್ಲ ಒಂದು ಬಗೆಯಲ್ಲಿ ಎಣಿಕೆಯ ಇತಿಹಾಸವೇ ಆಗಿದೆ.

ಮೈಸೂರು ಸಂಸ್ಥಾನದ ವಿದ್ಯುಚ್ಛಕ್ತಿಯ ಕಥೆ ಶಿವನಸಮುದ್ರದಿಂದ ಮೊದಲಾಗುತ್ತದೆಂಬುದು ಎಲ್ಲರಿಗೂ ತಿಳಿದದ್ದೇ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಆರಂಭವಾದ ಆ ಯೋಜನೆ 1902ರಲ್ಲಿ ಫಲಿಸಿತು. ಅದನ್ನು ನೋಡಲು ಅವರು ಉಳಿದಿರಲಿಲ್ಲ, 1901ರಲ್ಲೇ ತೀರಿಕೊಂಡಿದ್ದರು. ಕಾವೇರಿಯ ಧುಮುಕಿನಿಂದ ಹುಟ್ಟಿದ ಶಕ್ತಿ ಸುಮಾರು 92 ಮೈಲಿ ತಂತಿಯ ಮೇಲೆ ಸಾಗಿ ಕೋಲಾರದ ಚಿನ್ನದ ಗಣಿಗಳನ್ನು ಸೇರಿತು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಈ ಅನುಕ್ರಮವನ್ನು ಗಮನಿಸಬೇಕು: ಮೊದಲು ಗಣಿ, ಅನಂತರ ನಗರ. ಹೊಲಗಳ ಮೇಲೆ ತಂತಿ ಹಾದುಹೋಯಿತೇ ಹೊರತು ಹೊಲಕ್ಕೆ ಇಳಿಯಲಿಲ್ಲ. ಗಣಿಗೆ ಕರೆಂಟು ಬಂದ ಅದೇ ಸೀಮೆಯಲ್ಲಿ ನಮ್ಮ ಬಾವಿ ಇನ್ನೂ ಅರುವತ್ತು ವರ್ಷಗಳಿಗೂ ಮಿಕ್ಕಿ ಎತ್ತಿನ ಬೆನ್ನನ್ನೇ ನಂಬಿಕೊಂಡಿತ್ತು. ಇದರಲ್ಲಿ ಯಾರ ದ್ವೇಷವೂ ಇರಲಿಲ್ಲ. ಗಣಿಯ ಕಂಪನಿ ಹಣ ಕೊಡಬಲ್ಲದು. ಒಂದೇ ಸ್ಥಳದಲ್ಲಿ ಹಗಲಿರುಳೂ ಶಕ್ತಿಯನ್ನು ಕೊಳ್ಳಬಲ್ಲದು. ರೈತನಾದರೋ ಹೊಲಕ್ಕೊಬ್ಬ, ಬಾವಿಗೊಬ್ಬ. ವರ್ಷದಲ್ಲಿ ಕೆಲವು ತಿಂಗಳು ಮಾತ್ರ ಅವನಿಗೆ ಶಕ್ತಿ ಬೇಕು. ಅವನ ಬಳಿಗೆ ತಂತಿ ಎಳೆಯುವುದು ಲಾಭದ ವ್ಯಾಪಾರವಲ್ಲ. ವ್ಯಾಪಾರ ಮಾಡದ ಕೆಲಸವನ್ನು ಸರ್ಕಾರವೇ ಮಾಡಬೇಕಾಗುತ್ತದೆ.

ಆ ಕೆಲಸದ ಮೊದಲ ಹೆಜ್ಜೆ ವಿದ್ಯುತ್ತಿನದಲ್ಲ, ಎಣ್ಣೆಯ ಎಂಜಿನ್ನಿನದು. ಮದರಾಸು ಪ್ರಾಂತದಲ್ಲಿ ಆಲ್ಫ್ರೆಡ್ ಚಾಟರ್ಟನ್ ಎಂಬ ಎಂಜಿನಿಯರು ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಬಾವಿಗಳಿಗೆ ಎಣ್ಣೆ ಎಂಜಿನ್ನು ಮತ್ತು ಪಂಪುಗಳನ್ನು ಕೂಡಿಸಿ ಪರೀಕ್ಷೆಗಳನ್ನು ನಡೆಸಿದರು. ಏತ, ಕಪಿಲೆಗಳನ್ನು ಅವರು ತುಚ್ಛವಾಗಿ ಕಾಣಲಿಲ್ಲ. ಅವುಗಳಿಂದ ನೀರೆತ್ತಲು ತಗಲುವ ವೆಚ್ಚವನ್ನೂ ಯಂತ್ರದ ವೆಚ್ಚವನ್ನೂ ಅಕ್ಕಪಕ್ಕದಲ್ಲಿಟ್ಟು ಅಳೆಯುವುದೇ ಅವರ ಕ್ರಮವಾಗಿತ್ತು. ಇದೇ ಚಾಟರ್ಟನ್ನರು ಅನಂತರ ಮೈಸೂರಿಗೆ ಬಂದು, ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ ಕೈಗಾರಿಕೆ ಮತ್ತು ವಾಣಿಜ್ಯ ಇಲಾಖೆಯ ನಿರ್ದೇಶಕರಾಗಿದ್ದರು. ಗಂಧದೆಣ್ಣೆಯ ಕಾರ್ಖಾನೆಯ ಸಂದರ್ಭದಲ್ಲಿ ನಾವು ಅವರ ಹೆಸರನ್ನು ನೆನೆಯುವುದುಂಟು. ಬಾವಿಯ ಸಂದರ್ಭದಲ್ಲಿ ನೆನೆಯುವುದು ಕಡಿಮೆ.

ಯಂತ್ರ ಕೊಳ್ಳಲು ರೈತನಿಗೆ ಹಣವೆಲ್ಲಿಂದ ಬರಬೇಕು? 1883ರ ಭೂ ಸುಧಾರಣಾ ಸಾಲಗಳ ಕಾಯಿದೆ, 1884ರ ಕೃಷಿಕರ ಸಾಲಗಳ ಕಾಯಿದೆ ಇವುಗಳಡಿಯಲ್ಲಿ ಬ್ರಿಟಿಷ್ ಸರ್ಕಾರ ತಕಾವಿ ಸಾಲ ಕೊಡುತ್ತಿತ್ತು. ಬರಗಾಲಗಳ ಭೀತಿಯಿಂದ ಹುಟ್ಟಿದ ಕಾಯಿದೆಗಳವು. ಬಾವಿ ತೋಡಲು, ಒಡ್ಡು ಹಾಕಲು ಮೀಸಲಾಗಿದ್ದ ಈ ಬಗೆಯ ಸಾಲ ಕ್ರಮೇಣ ಪಂಪಿನವರೆಗೂ ಬಂತು. ಸಾಲವೆಂದ ಮೇಲೆ ಅದಕ್ಕೊಂದು ಶಿಸ್ತುಂಟು. ಕೊಡುವ ಅಧಿಕಾರಿ ಬಾವಿಯಲ್ಲಿ ನೀರೆಷ್ಟು, ಎಂಜಿನ್ನಿಗೆ ಎಷ್ಟು ಅಶ್ವಶಕ್ತಿ ಬೇಕು ಎಂದು ವಿಚಾರಿಸುತ್ತಾನೆ. ಕೊಂಡ ರೈತ ಎಣ್ಣೆಯ ಡಬ್ಬಿ ಬರಿದಾಗುವುದನ್ನು ಕಣ್ಣಾರೆ ಕಾಣುತ್ತಾನೆ. ಯಂತ್ರ ಬಂದರೂ ಎಣಿಕೆ ಹೋಗಲಿಲ್ಲ.

ನಮ್ಮ ನೆರೆಯ ಕೊಯಮತ್ತೂರಿನ ಕಥೆ ಇನ್ನೊಂದು ಪಾಠವನ್ನು ಹೇಳುತ್ತದೆ. 1930ರ ದಶಕದ ಆರಂಭದಲ್ಲಿ ನೀಲಗಿರಿಯ ಪೈಕಾರಾ ವಿದ್ಯುದಾಗಾರ ಕೆಲಸಕ್ಕೆ ತೊಡಗಿದ ಮೇಲೆ ಅಲ್ಲಿಯ ಆಳವಾದ ಬಾವಿಗಳಿಗೆ ವಿದ್ಯುತ್ ಮೋಟಾರು ಬೇಗನೆ ಬಂದಿತು. ಮೋಟಾರು ಬಂದಂತೆ ಅದನ್ನು ತಯಾರಿಸುವ, ದುರಸ್ತಿ ಮಾಡುವ ಕುಲುಮೆಗಳೂ ಎದ್ದವು. ಇತ್ತ ನಮ್ಮ ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಕಬ್ಬಿಣದ ನೇಗಿಲಿನಿಂದ ಆರಂಭಿಸಿದ ಉದ್ಯಮ ಪಂಪು, ಎಂಜಿನ್ನು, ಮೋಟಾರುಗಳವರೆಗೆ ಬೆಳೆಯಿತು. ಹೊಲದ ಶಕ್ತಿ ಬದಲಾದಾಗ ಬದಲಾಗುವುದು ಹೊಲವೊಂದೇ ಅಲ್ಲ, ಪಟ್ಟಣದ ಕಸುಬೂ ಬದಲಾಗುತ್ತದೆ.

ಸ್ವಾತಂತ್ರ್ಯ ಬಂದಾಗ ಚಿತ್ರ ಹೇಗಿತ್ತು? 1951ರಲ್ಲಿ ಇಡೀ ಭಾರತದಲ್ಲಿ ವಿದ್ಯುತ್ತಿನಿಂದ ನಡೆಯುತ್ತಿದ್ದ ನೀರಾವರಿ ಪಂಪುಗಳು ಸುಮಾರು 21 ಸಾವಿರ. 1948ರ ವಿದ್ಯುತ್ ಸರಬರಾಜು ಕಾಯಿದೆಯ ಮೇರೆಗೆ ರಾಜ್ಯಗಳಲ್ಲಿ ವಿದ್ಯುತ್ ಮಂಡಳಿಗಳು ಹುಟ್ಟಿದವು. ಏಕೀಕರಣದ ಮರುವರ್ಷ, 1957ರಲ್ಲಿ, ಮೈಸೂರು ರಾಜ್ಯ ವಿದ್ಯುತ್ ಮಂಡಳಿ ಸ್ಥಾಪನೆಯಾಯಿತು. ಆ ಕಾಲದ ಯೋಜಕರ ಕಣ್ಣಿನಲ್ಲಿ ಗ್ರಾಮ ವಿದ್ಯುದೀಕರಣವೆಂದರೆ ಊರಿಗೆ ದೀಪ. ಊರ ಚಾವಡಿಯ ಮುಂದೆ ಒಂದು ಕಂಬ ನಿಂತು ಬಲ್ಬು ಉರಿದರೆ ಆ ಊರು ಬೆಳಗಿದ ಊರುಗಳ ಪಟ್ಟಿಗೆ ಸೇರಿತೆಂದು ಲೆಕ್ಕ.

ಈ ದೃಷ್ಟಿಯನ್ನು ಬದಲಿಸಿದ್ದು ಬರ. 1965-66 ಮತ್ತು 1966-67, ಎರಡು ವರ್ಷ ಸಾಲಾಗಿ ಮಳೆ ಕೈಕೊಟ್ಟಿತು. ದೇಶ ಹಡಗಿನಲ್ಲಿ ಬಂದ ಗೋಧಿಯನ್ನು ಉಂಡಿತು. ಬಲ್ಬಿಗಿಂತ ಬಾವಿ ಮುಖ್ಯವೆಂಬ ಅರಿವು ದೆಹಲಿಗೆ ಆಗ ಮೂಡಿತು. ವೆಂಕಟಪ್ಪಯ್ಯನವರ ಅಧ್ಯಕ್ಷತೆಯ ಗ್ರಾಮೀಣ ಸಾಲ ಪರಿಶೀಲನಾ ಸಮಿತಿಯ ಸಲಹೆಯಂತೆ 1969ರಲ್ಲಿ ಗ್ರಾಮೀಣ ವಿದ್ಯುದೀಕರಣ ನಿಗಮ ಹುಟ್ಟಿಕೊಂಡಿತು. ಹಳ್ಳಿಗಳಿಗೆ ತಂತಿ ಎಳೆಯಲು ವಿದ್ಯುತ್ ಮಂಡಳಿಗಳಿಗೆ ದೀರ್ಘಾವಧಿಯ ಸಾಲ ಕೊಡುವುದು ಅದರ ಕೆಲಸ. ಎಷ್ಟು ಪಂಪುಗಳಿಗೆ ಶಕ್ತಿ ದೊರೆಯಿತು ಎಂಬುದು ಸಾಧನೆಯ ಹೊಸ ಅಳತೆ. 1961ರಲ್ಲಿ ದೇಶದಲ್ಲಿ ಸುಮಾರು 2 ಲಕ್ಷವಿದ್ದ ವಿದ್ಯುತ್ ಪಂಪುಗಳು 1969ರ ವೇಳೆಗೆ ಸುಮಾರು 11 ಲಕ್ಷವಾಗಿದ್ದವು. ಆಮೇಲಿನ ಏರಿಕೆ ಇನ್ನೂ ತೀವ್ರವಾದದ್ದು. ನಮ್ಮ ಬಾವಿಗೆ ಐದು ಅಶ್ವಶಕ್ತಿಯ ಮೋಟಾರು ಬಂದದ್ದೂ ಆ ಬರದ ಬೆನ್ನಿಗೇ. ಗುಂಡಿ ಒತ್ತಿದ ದಿನ ಊರಿಗೆ ಊರೇ ನೆರೆದಿತ್ತು. ತೊಗಲಿನ ಚೀಲ ಅಟ್ಟ ಸೇರಿತು. ಎತ್ತುಗಳಿಗೆ ಬಿಡುಗಡೆ ಸಿಕ್ಕಿತೆಂದು ನಮ್ಮ ಅಜ್ಜಿ ಅವುಗಳ ಹಣೆಗೆ ಕುಂಕುಮವಿಟ್ಟರು.

ಇಲ್ಲಿ ಕರ್ನಾಟಕದ ಒಂದು ವಿಶೇಷ ಪ್ರಯೋಗವನ್ನು ಹೇಳದೆ ಮುಂದೆ ಹೋಗಲಾರೆ. ಅಮೆರಿಕದಲ್ಲಿ 1930ರ ದಶಕದ ನಡುವಿನಲ್ಲಿ ಹತ್ತು ರೈತ ಕುಟುಂಬಗಳಲ್ಲಿ ಸುಮಾರು ಒಂದಕ್ಕೆ ಮಾತ್ರ ವಿದ್ಯುತ್ತಿತ್ತು. ಖಾಸಗಿ ಕಂಪನಿಗಳಿಗೆ ಹಳ್ಳಿ ಬೇಡವಾಗಿತ್ತು. 1935ರಲ್ಲಿ ಅಧ್ಯಕ್ಷ ರೂಸ್‌ವೆಲ್ಟರು ಗ್ರಾಮೀಣ ವಿದ್ಯುದೀಕರಣ ಆಡಳಿತವನ್ನು ಸ್ಥಾಪಿಸಿದರು. ಅದು ರೈತರ ಸಹಕಾರ ಸಂಘಗಳಿಗೆ ಕಡಿಮೆ ಬಡ್ಡಿಯ ಸಾಲ ಕೊಟ್ಟಿತು. ರೈತರು ತಾವೇ ಸದಸ್ಯರಾಗಿ, ತಾವೇ ತಂತಿಯ ಒಡೆಯರಾದರು. ಎರಡು ದಶಕ ಕಳೆಯುವುದರೊಳಗೆ ಬಹುಪಾಲು ಹೊಲಮನೆಗಳಿಗೆ ಬೆಳಕು ಬಂದಿತ್ತು. ಈ ಮಾದರಿಯನ್ನು ನಮ್ಮಲ್ಲಿ ಪರೀಕ್ಷಿಸಲು 1969ರ ಸುಮಾರಿನಲ್ಲಿ ಐದು ಸಂಘಗಳನ್ನು ಆರಿಸಿದರು: ಗುಜರಾತಿನ ಕೋಡಿನಾರ್, ಮಹಾರಾಷ್ಟ್ರದ ಮುಳಾ-ಪ್ರವರಾ, ಆಂಧ್ರದ ಸಿರ್ಸಿಲ್ಲ, ಉತ್ತರ ಪ್ರದೇಶದ ಲಖನೌ, ಮತ್ತು ನಮ್ಮ ಬೆಳಗಾವಿ ಜಿಲ್ಲೆಯ ಹುಕ್ಕೇರಿ. 1905ರಲ್ಲೇ ಗದಗಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ ನಾಡಿಗೆ ಈ ವಿಚಾರ ಪರಕೀಯವಾಗಿರಲಿಲ್ಲ. ಹುಕ್ಕೇರಿಯ ಸಂಘ ಮಂಡಳಿಯಿಂದ ಸಗಟಾಗಿ ವಿದ್ಯುತ್ತನ್ನು ಕೊಂಡು ಸದಸ್ಯರಾದ ರೈತರಿಗೆ ಹಂಚಿತು. ಐದರಲ್ಲಿ ಕೆಲವು ಕಾಲಕ್ರಮದಲ್ಲಿ ಮುಚ್ಚಿಹೋದವು. ಮುಳಾ-ಪ್ರವರಾ ಸಂಘ 2011ರಲ್ಲಿ ವಿತರಣೆಯ ಕೆಲಸವನ್ನೇ ಕಳೆದುಕೊಂಡಿತು. ಹುಕ್ಕೇರಿಯದು ಅರ್ಧ ಶತಮಾನ ದಾಟಿಯೂ ಉಳಿದಿದೆ. ಅದರ ಚುನಾವಣೆಗಳಲ್ಲಿ ರಾಜಕಾರಣದ ಬಿಸಿ ಇಲ್ಲವೆಂದಲ್ಲ. ಆದರೆ ತಂತಿಯೂ ಲೆಕ್ಕದ ಪುಸ್ತಕವೂ ಊರವರ ಕೈಯಲ್ಲಿರಲು ಸಾಧ್ಯವೆಂಬುದಕ್ಕೆ ಅದೊಂದು ಸಾಕ್ಷಿ. ಈ ಮಾದರಿ ನಾಡಿನ ಉಳಿದೆಡೆ ಹಬ್ಬಲಿಲ್ಲವೆಂಬುದು ನಮ್ಮ ಇತಿಹಾಸದ ಒಂದು ವಿಷಾದ.

ಹಬ್ಬಿದ್ದು ಬೇರೊಂದು ಕ್ರಮ. ಪಂಪುಗಳು ಹೆಚ್ಚಿದಂತೆ ಹೊಲದಿಂದ ಹೊಲಕ್ಕೆ ನಡೆದು ಮೀಟರು ಓದುವ ವೆಚ್ಚ ಮಂಡಳಿಗೆ ಭಾರವೆನಿಸಿತು. ಇತ್ತ 1980ರ ಜುಲೈ 21ರಂದು ಮಲಪ್ರಭಾ ಅಚ್ಚುಕಟ್ಟಿನ ನವಲಗುಂದ, ನರಗುಂದಗಳಲ್ಲಿ ಅಭಿವೃದ್ಧಿ ಕರದ ವಿರುದ್ಧ ಎದ್ದ ರೈತರ ಮೇಲೆ ಗುಂಡು ಹಾರಿತು. ಆ ರಕ್ತದಿಂದ ನಾಡಿನ ರೈತ ಚಳವಳಿ ರೂಪುಗೊಂಡಿತು. ಮಣ್ಣಿನ ಮಕ್ಕಳ ಮುಂದೆ ಬಿಲ್ಲು ಹಿಡಿದು ನಿಲ್ಲಲು ಯಾವ ಸರ್ಕಾರಕ್ಕೂ ಧೈರ್ಯ ಉಳಿಯಲಿಲ್ಲ. 1980ರ ದಶಕದ ಮೊದಲ ವರ್ಷಗಳಲ್ಲಿ ಮೀಟರಿನ ಬದಲು ಅಶ್ವಶಕ್ತಿಗಿಷ್ಟು ಎಂಬ ನಿಗದಿ ದರ ಬಂತು. 1990ರಲ್ಲಿ ತಮಿಳುನಾಡು ರೈತರೆಲ್ಲರಿಗೂ ವಿದ್ಯುತ್ತನ್ನು ಉಚಿತಗೊಳಿಸಿತು. ನಮ್ಮಲ್ಲಿ ಬಂಗಾರಪ್ಪನವರ ಸರ್ಕಾರ ಹತ್ತು ಅಶ್ವಶಕ್ತಿಯವರೆಗಿನ ಪಂಪುಗಳಿಗೆ ಆ ಸೌಲಭ್ಯ ಕೊಟ್ಟಿತು. ನಡುವೆ ದರದ ಏರಿಳಿತಗಳಾಗಿ 2008ರಲ್ಲಿ ಮತ್ತೆ ಹತ್ತು ಅಶ್ವಶಕ್ತಿಯವರೆಗೆ ಉಚಿತವೆಂದು ನಿಶ್ಚಯವಾಯಿತು. ವಿದ್ಯುತ್ ಕಂಪನಿಗಳಿಗೆ ಆಗುವ ನಷ್ಟವನ್ನು ಸರ್ಕಾರ ಸಹಾಯಧನವಾಗಿ ತುಂಬಿಕೊಡುವ ಏರ್ಪಾಡು ಅಂದಿನಿಂದ ನಡೆದಿದೆ.

ಪಟ್ಟಣದಲ್ಲಿ ಕುಳಿತು ಇದನ್ನು ಹಳಿಯುವುದು ಸುಲಭ. ನಾನು ಹಳಿಯಲಾರೆ. ಕಾಲುವೆಯ ನೀರು ಪಡೆದ ರೈತನಿಗೆ ಅಣೆಕಟ್ಟೆಯ ವೆಚ್ಚವನ್ನು ಸರ್ಕಾರ ಹೊತ್ತಿತು. ಬಯಲುಸೀಮೆಯವನು ತನ್ನ ಹಣದಿಂದ ಬಾವಿ ತೋಡಿ, ಪಂಪು ಕೊಂಡು, ನೀರು ಸಿಗದಿದ್ದರೆ ತಾನೇ ಮುಳುಗಿದ. ಅವನಿಗೆ ಕರೆಂಟನ್ನಾದರೂ ಬಿಟ್ಟುಕೊಡುವುದು ನ್ಯಾಯವೇ. ಅಲ್ಲದೆ ಉಚಿತವೆಂದು ಬಂದ ಆ ವಿದ್ಯುತ್ತು ಹೇಗೆ ಬಂತೆಂಬುದನ್ನೂ ಕೇಳಬೇಕು. ಮೂರು ಫೇಸು ದಿನಕ್ಕೆ ಕೆಲವೇ ಗಂಟೆ, ಅದೂ ಬಹಳ ಕಾಲ ನಡುರಾತ್ರಿ. ವೋಲ್ಟೇಜು ಕುಸಿದಾಗ ಮೋಟಾರಿನ ಸುರುಳಿ ಸುಟ್ಟುಹೋಗುತ್ತದೆ. ನಮ್ಮ ಮನೆಯ ಮೋಟಾರು ಒಂದೇ ಬೇಸಗೆಯಲ್ಲಿ ಎರಡು ಸಲ ಸುಟ್ಟಿತು. ಮತ್ತೆ ಸುರುಳಿ ಸುತ್ತಿಸಲು ಕೊಟ್ಟ ಹಣ ವರ್ಷದ ಬಿಲ್ಲಿಗಿಂತ ಹೆಚ್ಚಾಗಿತ್ತು. ರಾತ್ರಿ ಹಾವಿನ ಭಯದಲ್ಲಿ ಟಾರ್ಚು ಹಿಡಿದು ಹೊಲಕ್ಕೆ ನಡೆದವನಿಗೆ ಅದು ಉಚಿತವೆಂದು ಹೇಳುವುದು ಹೇಗೆ? ಕರೆಂಟು ಯಾವಾಗ ಬರುತ್ತದೋ ತಿಳಿಯದ ಕಾರಣ ಗುಂಡಿಯನ್ನು ಒತ್ತಿಯೇ ಇಟ್ಟು ಮಲಗುವುದು ರೂಢಿಯಾಯಿತು. ಬಂದಾಗ ಬರಲಿ, ಹರಿದಷ್ಟು ಹರಿಯಲಿ. ಕೊಡುವವನಿಗೂ ಲೆಕ್ಕವಿಲ್ಲ, ಕೊಳ್ಳುವವನಿಗೂ ಲೆಕ್ಕವಿಲ್ಲ.

ಲೆಕ್ಕ ತಪ್ಪದೆ ಇಟ್ಟದ್ದು ಭೂಮಿ ಒಂದೇ. ಒಂದು ಸಣ್ಣ ಗಣಿತವನ್ನು ತಮ್ಮ ಮುಂದಿಡುತ್ತೇನೆ. ನಮ್ಮ ತಾತನ ಬಾವಿಯಲ್ಲಿ ನೀರು ಸುಮಾರು ಹತ್ತು ಮೀಟರು ಕೆಳಗಿತ್ತೆಂದು ಇಟ್ಟುಕೊಳ್ಳಿ. ಏನೂ ಪೋಲಾಗದ ಆದರ್ಶ ಯಂತ್ರವಿದ್ದರೆ ಒಂದು ಯೂನಿಟ್ ವಿದ್ಯುತ್ತು ಆ ಆಳದಿಂದ 36 ಸಾವಿರ ಲೀಟರಿಗೂ ಮಿಕ್ಕಿ ನೀರನ್ನು ಮೇಲೆತ್ತಬಲ್ಲದು. ಇಂದು ಕೋಲಾರ, ಚಿಕ್ಕಬಳ್ಳಾಪುರಗಳ ಕಡೆ ಸಾವಿರ ಅಡಿ ಕೊಳವೆಬಾವಿ ಅಪರೂಪವಲ್ಲ. ಮುನ್ನೂರು ಮೀಟರಿನ ಆಳದಿಂದ ಅದೇ ಒಂದು ಯೂನಿಟ್ ಎತ್ತಬಲ್ಲದ್ದು ಸುಮಾರು 1,200 ಲೀಟರು ಮಾತ್ರ. ನಿಜವಾದ ಪಂಪಿನಲ್ಲಿ ಅದರ ಅರ್ಧ ದೊರೆತರೆ ಪುಣ್ಯ. ಅಂದರೆ ನೀರು ಇಳಿದಷ್ಟೂ ಅದೇ ಬೆಳೆಗೆ ಮೂವತ್ತರಷ್ಟು ಶಕ್ತಿ ಬೇಕಾಯಿತು. ರಾಜ್ಯದಲ್ಲಿ ಇಂದು 30 ಲಕ್ಷಕ್ಕೂ ಹೆಚ್ಚು ನೀರಾವರಿ ಪಂಪುಗಳಿವೆ. ರಾಜ್ಯದ ವಿದ್ಯುತ್ತಿನಲ್ಲಿ ಸುಮಾರು ಮೂರನೆಯ ಒಂದು ಪಾಲು ಅವುಗಳಿಗೆ ಸಲ್ಲುತ್ತದೆ. ಈ ಶಕ್ತಿಯೆಲ್ಲ ಹೆಚ್ಚು ನೀರನ್ನು ಕೊಡುತ್ತಿದೆಯೆಂದು ಭಾವಿಸಿದರೆ ತಪ್ಪು. ಅದರಲ್ಲಿ ಬಹುಭಾಗ ನಾವೇ ತೋಡಿಕೊಂಡ ಆಳಕ್ಕೆ ತೆರುತ್ತಿರುವ ದಂಡ. ಎಂದೋ ಬತ್ತಿದ ನಮ್ಮ ಬಾವಿಯಲ್ಲಿ ಈಗ ಬೇಲಿಯ ಮುಳ್ಳು ತುಂಬಿದೆ.

ಸರ್ಕಾರದ ನೆರವು ಬೇರೆ ದಾರಿಯಲ್ಲೂ ನಡೆಯಬಹುದಿತ್ತು ಎಂಬುದಕ್ಕೆ ನಿದರ್ಶನಗಳುಂಟು. ಬೆಂಗಳೂರಿನ ವಿಜ್ಞಾನ ಮಂದಿರದಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ಕಟ್ಟಿದ ಅಸ್ತ್ರ ಕೇಂದ್ರ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಶಕ್ತಿಯ ಲೆಕ್ಕವನ್ನು ಮನೆಮನೆಗೂ ಹೋಗಿ ಬರೆದುಕೊಂಡಿತು. ಹಳ್ಳಿ ಬಳಸುವ ಶಕ್ತಿಯಲ್ಲಿ ಬಹುಪಾಲು ಪಂಪಿನದಲ್ಲ, ಒಲೆಯ ಸೌದೆಯದು; ಅದನ್ನು ಹೊತ್ತು ತರುವವರು ಹೆಂಗಸರು ಮತ್ತು ಮಕ್ಕಳು ಎಂಬ ಸತ್ಯ ಆ ಎಣಿಕೆಯಿಂದ ಹೊರಬಿತ್ತು. ಕುಣಿಗಲ್ ತಾಲ್ಲೂಕಿನ ಪುರ ಎಂಬ ಪುಟ್ಟ ಹಳ್ಳಿಯಲ್ಲಿ ಊರಿಗೆಲ್ಲ ಒಂದೇ ಗೊಬ್ಬರ ಅನಿಲ ಸ್ಥಾವರ ಕಟ್ಟಿದರು. ಅಡುಗೆಗೆ ಅನಿಲ ಕೊಡುವ ಮೊದಲ ಯತ್ನ, ಸೆಗಣಿ ಸಾಲದೆ, ನಿಂತುಹೋಯಿತು. ಅನಂತರ ಊರವರ ಮಾತಿಗೆ ಕಿವಿಗೊಟ್ಟು 1987ರಲ್ಲಿ ಅದೇ ಅನಿಲದಿಂದ ಎಂಜಿನ್ನು ನಡೆಸಿ, ಕುಡಿಯುವ ನೀರನ್ನೂ ಮನೆಗೆ ದೀಪವನ್ನೂ ಕೊಟ್ಟರು. ಮನೆಯವರು ಸೆಗಣಿ ತೂಗಿಸಿ ಕೊಡಬೇಕು. ಅದರ ಪಾಲಿನ ಗೊಬ್ಬರವನ್ನು ತೂಗಿಸಿ ಒಯ್ಯಬೇಕು. ಇಲ್ಲಿಯೂ ಎಣಿಕೆಯೇ ಒಪ್ಪಂದದ ತಳಹದಿಯಾಗಿತ್ತು.

ಈಗ ಹೊಸ ಅಧ್ಯಾಯ ತೆರೆದಿದೆ. ಅದರ ಹೆಸರು ಸೂರ್ಯ. ಕೇಂದ್ರ ಸರ್ಕಾರ 2019ರಲ್ಲಿ ಆರಂಭಿಸಿದ ಕುಸುಮ್ ಯೋಜನೆಯಲ್ಲಿ ಸೌರಪಂಪಿನ ಬೆಲೆಗೆ ಕೇಂದ್ರದ್ದು ನೂರಕ್ಕೆ 30, ರಾಜ್ಯದ್ದು ಕನಿಷ್ಠ 30, ಉಳಿದದ್ದು ರೈತನ ಪಾಲು ಎಂದು ಗೊತ್ತುಮಾಡಲಾಯಿತು. ನಮ್ಮ ರಾಜ್ಯ ಅನಂತರ ತನ್ನ ಪಾಲನ್ನು ಹೆಚ್ಚಿಸಿತು. ವಿದ್ಯುತ್ ತಂತಿಯಿಂದ ಅರ್ಧ ಕಿಲೋಮೀಟರಿಗೂ ದೂರವಿರುವ ಬಾವಿಗೆ ತಂತಿಯ ಬದಲು ಸೌರಫಲಕ ಎಂಬುದು ಈಚಿನ ನೀತಿ. ಹಗಲು ಹೊತ್ತಿನ ನೀರು. ಹಾವಿನ ಭಯವಿಲ್ಲ, ಸುಟ್ಟ ಸುರುಳಿಯ ಚಿಂತೆ ಕಡಿಮೆ. ನನ್ನ ತಮ್ಮನ ಮಗನ ಹೊಲದಲ್ಲೂ ಅಂಥದೊಂದು ನಿಂತಿದೆ. ಅದನ್ನು ಕಂಡು ನನಗೆ ಸಂತೋಷವೂ ಆಯಿತು, ಅಳುಕೂ ಆಯಿತು. ಎಣ್ಣೆಗೆ ಡಬ್ಬಿಯ ಮಿತಿಯಿತ್ತು. ಕರೆಂಟಿಗೆ ಗಂಟೆಗಳ ಮಿತಿಯಾದರೂ ಇತ್ತು. ಬಿಸಿಲಿಗೆ ಸಂಜೆಯ ಹೊರತು ಮಿತಿಯಿಲ್ಲ.

ಈ ಅಳುಕಿಗೆ ಉತ್ತರವನ್ನು ಹುಡುಕಿದವರೂ ಇದ್ದಾರೆ. 2014ರ ಸೌರ ನೀತಿಯಡಿ ಬಂದ ಸೂರ್ಯರೈತ ಯೋಜನೆಯಲ್ಲಿ ಕನಕಪುರ ತಾಲ್ಲೂಕಿನ ಹಾರೋಬೆಲೆಯ ರೈತರ ಪಂಪುಗಳನ್ನು ಸೌರಫಲಕಕ್ಕೂ ತಂತಿಗೂ ಜೋಡಿಸಲಾಯಿತು. ತನಗೆ ಬೇಕಾದಷ್ಟು ನೀರೆತ್ತಿ ಉಳಿದ ಶಕ್ತಿಯನ್ನು ರೈತ ವಿದ್ಯುತ್ ಕಂಪನಿಗೆ ಮಾರಬಹುದು. ಹಾಗಾದಾಗ ಪಂಪನ್ನು ನಿಲ್ಲಿಸುವುದಕ್ಕೂ ಅವನಿಗೊಂದು ಕಾರಣ ದೊರೆಯುತ್ತದೆ. ಮೀಟರು ಅವನ ಶತ್ರುವಾಗಿರದೆ ಅವನ ಗುಮಾಸ್ತನಾಗುತ್ತದೆ. ವಿಚಾರ ಸೊಗಸಾದದ್ದು. ಆದರೆ ಮಾರಿದ ಯೂನಿಟ್ಟಿಗೆ ಹಣ ನಿಯತವಾಗಿ ಬರಬೇಕು, ಕೆಟ್ಟ ಯಂತ್ರವನ್ನು ಸರಿಪಡಿಸುವವನು ಹತ್ತಿರದಲ್ಲಿರಬೇಕು, ಒಬ್ಬನ ನೀರಿನ ಮಿತವನ್ನು ನೆರೆಯವನ ಕೊಳವೆಬಾವಿ ನುಂಗದಿರಬೇಕು. ಇವುಗಳಲ್ಲಿ ಮೊದಲಿನ ಎರಡನ್ನು ಸರ್ಕಾರ ಮಾಡಬಲ್ಲದು. ಮೂರನೆಯದು ಊರವರೇ ಕೂಡಿ ಮಾಡಬೇಕಾದ ಕೆಲಸ.

ನೂರಿಪ್ಪತ್ತು ವರ್ಷಗಳ ಈ ಕಥೆಯಲ್ಲಿ ಸರ್ಕಾರ ರೈತನಿಗೆ ಸಾಲ ಕೊಟ್ಟಿತು, ತಂತಿ ಕೊಟ್ಟಿತು, ಶಕ್ತಿಯನ್ನೂ ಉಚಿತವಾಗಿ ಕೊಟ್ಟಿತು. ಈಗ ಸೂರ್ಯನನ್ನೂ ಕೊಡುತ್ತಿದೆ. ಕೊಟ್ಟದ್ದಕ್ಕೆ ನಾನು ಕೃತಜ್ಞ. ಎತ್ತಿನ ಬೆನ್ನಿನ ಗಾಯವನ್ನೂ ಮಿಣಿಯ ಮೇಲೆ ಕುಳಿತ ತಂದೆಯ ಸೊಂಟದ ನೋವನ್ನೂ ಕಂಡವನು ಕಪಿಲೆಯ ಕಾಲ ಮತ್ತೆ ಬರಲೆಂದು ಬಯಸಲಾರ. ಆದರೆ ಆ ಕಾಲದಲ್ಲಿ ಒಂದು ಬಾವಿಗೆ ನಾಲ್ಕು ಮನೆಗಳಿದ್ದವು. ಈಗ ಒಂದೊಂದು ಹೊಲಕ್ಕೂ ನಾಲ್ಕು ಕೊಳವೆಗಳು, ಅವುಗಳಲ್ಲಿ ಮೂರು ಬತ್ತಿದವು. ಭೂಮಿಯ ಕೆಳಗಿನ ನೀರು ಇಂದಿಗೂ ಪಾಲಿನ ಬಾವಿಯೇ. ಪಾಲುಗಾರರು ಮಾತ್ರ ಒಬ್ಬರನ್ನೊಬ್ಬರು ಕಾಣದವರಾಗಿದ್ದಾರೆ. ಅವರನ್ನು ಮತ್ತೆ ಒಂದು ಕಟ್ಟೆಯ ಮೇಲೆ ಕೂಡಿಸುವ ಯೋಜನೆ ಯಾವ ಇಲಾಖೆಯಲ್ಲೂ ಇನ್ನೂ ಸಿದ್ಧವಾದಂತೆ ಕಾಣೆ. ಅದು ಸಿದ್ಧವಾಗುವ ದಿನ ಬೇಗ ಬರಲೆಂದು ಹಾರೈಸಿ ನನ್ನ ಮಾತನ್ನು ಮುಗಿಸುತ್ತೇನೆ.